ಮಹಾನಂದಾ ಹೊಲಿದ ಒರೆ

ನಮ್ಮ ವಠಾರಕ್ಕೆ ಬಾಡಿಗೆಗೆ ಬರುವವರಿಗೆ ನಾನು ಮೊದಲೇ ಎಲ್ಲ ಹೇಳಿಬಿಡುತ್ತೇನೆ. ನೀರು ಬೆಳಿಗ್ಗೆ ಮಾತ್ರ. ತುಳಸಿಕಟ್ಟೆಯ ಮೇಲೆ ಬಟ್ಟೆ ಒಣಹಾಕಬಾರದು. ಚಪ್ಪಲಿ ಗೇಟಿನ ಪಕ್ಕದಲ್ಲೇ ಬಿಡಬೇಕು. ಲಗ್ಗೆರೆಯಲ್ಲಿ ನನ್ನನ್ನು ರೂಲ್ಸ್ ಸುಬ್ಬಲಕ್ಷ್ಮಮ್ಮ ಅನ್ನುತ್ತಾರಂತೆ. ಅನ್ನಲಿ. ಅಷ್ಟೊಂದು ಸಂಸಾರಗಳು ಒಂದೇ ಅಂಗಳದಲ್ಲಿ ಬಾಳಬೇಕಾದರೆ ಯಾರಾದರೂ ಒಬ್ಬರು ಕೆಟ್ಟವರಾಗಲೇಬೇಕು. ಇಷ್ಟೆಲ್ಲ ಹೇಳುವ ನಾನು, ವಠಾರದೊಳಕ್ಕೆ ಚರ್ಮ ತರಬಾರದು ಎಂದು ಮಾತ್ರ ಯಾರಿಗೂ ಹೇಳಿರಲಿಲ್ಲ. ಅಂಥದ್ದನ್ನು ಯಾರಾದರೂ ಹೊತ್ತು ತಂದಾರು ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಹೊತ್ತು ತಂದವಳು ಮಹಾನಂದಾ.

ಮಹಾನಂದಾ ಮತ್ತು ಅವಳ ಗಂಡ ಯಮನೂರ ಕೊಪ್ಪಳದ ಕಡೆಯವರು, ನಮ್ಮ ಮೂಲೆಮನೆಯಲ್ಲಿದ್ದರು. ಇಬ್ಬರಿಗೂ ಪೀಣ್ಯದಲ್ಲಿ ಕೆಲಸ. ಅವನು ಲೇತ್ ಆಪರೇಟರ್. ಅವಳು ಕೈಪಂಪಿನೊಳಗೆ ಕೂರುವ ಚರ್ಮದ ವಾಷರ್ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ಪ್ರೆಸ್ ಮೇಲಿದ್ದಳು. ನೆನೆಸಿದ ದಪ್ಪ ಚರ್ಮವನ್ನು ಅಚ್ಚಿನಲ್ಲಿಟ್ಟು ಪೆಡಲ್ ತುಳಿದರೆ ಮೇಲಿಂದ ಒತ್ತು ಬಿದ್ದು ಅದು ಬಟ್ಟಲಿನ ಆಕಾರಕ್ಕೆ ಬರುತ್ತದೆ. ಎರಡು ಸಾವಿರದ ಹದಿನಾಲ್ಕರ ಸಂಕ್ರಾಂತಿ ಕಳೆದ ಹೊಸತರಲ್ಲಿ, ಅವಳು ಒಂದು ಸಲ ತುಳಿದದ್ದಕ್ಕೆ ಪ್ರೆಸ್ ಎರಡು ಸಲ ಇಳಿಯಿತು. ಎಡಗೈಯ ತೋರುಬೆರಳು, ನಡುಬೆರಳು ಬುಡದವರೆಗೂ ಹೋದವು.

ಆಸ್ಪತ್ರೆಯಿಂದ ಬಂದವಳು ಆ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು, ಅಷ್ಟೇ. ನಲ್ಲಿಯ ಹತ್ತಿರ ಒಂದೇ ಕೈಯಲ್ಲಿ ಕೊಡ ಎತ್ತುತ್ತಿದ್ದಳು, ಹಲ್ಲಿನಲ್ಲಿ ಕಚ್ಚಿಕೊಂಡು ಹಾಲಿನ ಪ್ಯಾಕೆಟ್ ಹರಿಯುತ್ತಿದ್ದಳು. ಯುಗಾದಿಯ ದಿನ ಬೇವುಬೆಲ್ಲ ಕೊಡಲು ಕರೆದರೆ ಬಲಗೈ ಒಂದನ್ನೇ ಚಾಚಿದಳು. ಹಬ್ಬಕ್ಕೆಂದು ಬಂದಿದ್ದ ನನ್ನ ಗಂಡನ ಅಕ್ಕ ಮಾರಕ್ಕ ಸುಮ್ಮನಿರಬೇಕಲ್ಲ. "ಪ್ರಸಾದ ತಗೊಳ್ಳೋವಾಗ ಎರಡೂ ಕೈ ಒಡ್ಡಬೇಕು ಕಣಮ್ಮಿ. ನಿಮ್ಮ ಕಡೆ ಕಲಿಸ್ಲಿಲ್ವಾ?" ಎಂದರು. ಮಹಾನಂದಾ ಚಾಚಿದ ಕೈಯನ್ನೂ ಹಿಂದಕ್ಕೆ ತೆಗೆದುಕೊಂಡು ಹೊರಟುಹೋದಳು. ಅವಳ ಪಾಲಿನ ಬೇವುಬೆಲ್ಲ ನನ್ನ ಕೈಯಲ್ಲೇ ಉಳಿಯಿತು.

ರಜೆ ಮುಗಿದ ಮೇಲೆ ಕಾರ್ಖಾನೆಯವರು ಅವಳ ಕೈಗೆ ಪೊರಕೆ ಕೊಟ್ಟರು. ಪ್ರೆಸ್ ಬೇಡ, ಕಸ ಗುಡಿಸು ಎಂದರು. ಡಾಕ್ಟರು ಬೇರೆ, ಉಳಿದ ಬೆರಳುಗಳಿಗೆ ಕೆಲಸ ಕೊಡದಿದ್ದರೆ ಅವೂ ಕಟ್ಟಿಗೆಯಾಗುತ್ತವೆ ಎಂದು ಹೆದರಿಸಿ ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಚೆಂಡನ್ನು ಎರಡು ದಿನ ಹಿಚುಕಿ ಪಕ್ಕದ ಮನೆಯ ಮಗುವಿಗೆ ಕೊಟ್ಟುಬಿಟ್ಟಳು. ಯಾಕೆ ಎಂದು ನಾನು ಗದರಿದೆ.

"ಚೆಂಡು ಹಿಚುಕಿದ್ರ ಏನಾಗ್ತದ್ರಿ ಅಮ್ಮಾರ? ಹಿಚುಕಿದ ಮ್ಯಾಲೂ ಅದು ಚೆಂಡ ಇರ್ತದ. ಕೈಗೆ ಏನರ ಮಾಡಿದ್ನೆಪಾ ಅನಸಬೇಕಲ್ರಿ."

ಇಲ್ಲಿ ನಮ್ಮ ಮನೆತನದ ಬಗ್ಗೆ ಸ್ವಲ್ಪ ಹೇಳಬೇಕು. ಗೇಟಿನ ಆಚೆ, ಕಾಂಪೌಂಡಿಗೆ ತಾಗಿ ಒಂದು ವೀರಗಲ್ಲಿದೆ. ಲಗ್ಗೆರೆಯಲ್ಲಿ ಇನ್ನೂ ರಾಗಿ ಬೆಳೆಯುತ್ತಿದ್ದ ಕಾಲಕ್ಕಿಂತ ಎಷ್ಟೋ ಹಿಂದೆ, ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಡಿ ಸತ್ತ ನಮ್ಮ ಹಿರಿಯನ ಕಲ್ಲು ಅದು. ಅವನ ಕೈಯಲ್ಲಿರುವ ಕತ್ತಿಯೇ ನಮ್ಮ ದೇವರಮನೆಯಲ್ಲಿ ಇರುವುದು. ಇದನ್ನು ನನ್ನ ಅತ್ತೆ ನನಗೆ ಹೇಳಿದ್ದರು, ನಾನು ಊರಿಗೆಲ್ಲ ಹೇಳಿದ್ದೆ. ಎಷ್ಟು ಮದುವೆ ಮಾತುಕತೆಗಳಲ್ಲಿ ಈ ಕತ್ತಿಯ ಕಥೆ ಎತ್ತಿ ಬೀಗರ ಬಾಯಿ ಮುಚ್ಚಿಸಿದ್ದೇನೋ ಲೆಕ್ಕವಿಲ್ಲ. ಕತ್ತಿಯನ್ನು ಬಟ್ಟೆಯಿಂದ ಬಿಚ್ಚುವುದು ವರ್ಷಕ್ಕೊಂದೇ ದಿನ, ಆಯುಧಪೂಜೆಯಂದು. ಆಗಲೂ ಅದು ದೇವರಮನೆಯ ಹೊಸಿಲು ದಾಟುವಂತಿಲ್ಲ.

ಒಂದು ಭಾನುವಾರ ಗೇಟಿನ ಹೊರಗೆ ಪರಪರ ಸದ್ದು ಕೇಳಿತು. ಹೋಗಿ ನೋಡಿದರೆ ಮಹಾನಂದಾ ತೆಂಗಿನ ನಾರು ಹಿಡಿದು ವೀರಗಲ್ಲನ್ನು ಉಜ್ಜುತ್ತಿದ್ದಾಳೆ. ತಲೆತಲಾಂತರದಿಂದ ನಾವು ಬಳಿದ ಎಣ್ಣೆ, ಅರಿಶಿನ ಜಿಡ್ಡುಗಟ್ಟಿ ಕಪ್ಪಾಗಿದ್ದದ್ದು ಕಿತ್ತು ಬರುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳು, "ಇಲ್ಲಿ ನೋಡ್ರಿ, ಹೊಲಿಗಿ!" ಎಂದಳು.

ಬಗ್ಗಿ ನೋಡಿದೆ. ಮದುವೆಯಾಗಿ ಬಂದಾಗಿನಿಂದ ಕೈಮುಗಿದ ಕಲ್ಲು, ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ. ವೀರನ ಸೊಂಟದಲ್ಲೊಂದು ಪಟ್ಟಿ, ಅದರಿಂದ ಇಳಿಬಿದ್ದ ಒರೆ, ಒರೆಯ ಅಂಚಿನುದ್ದಕ್ಕೂ ರಾಗಿಕಾಳಿನ ಹಾಗೆ ಸಾಲಾಗಿ ಹೊಲಿಗೆ. ಕೆತ್ತಿದವನು ಒಂದನ್ನೂ ಬಿಟ್ಟಿರಲಿಲ್ಲ.

"ಈ ಕತ್ತಿ ನಿಮ್ಮ ದೇವರ ಮನ್ಯಾಗ ಐತಲ್ರಿ? ಇದರ ಒರಿ ಎಲ್ಲೈತಿ?"

"ಒರೆ ನಮ್ಮತ್ತೆ ಕಾಲ್ದಲ್ಲೇ ಹುಳ ತಿಂದು ಉದುರೋಯ್ತು. ಈಗ ಕೆಂಪು ಬಟ್ಟೆ ಸುತ್ತಿಡ್ತೀವಿ."

"ನಾ ಮಾಡ್ತೀನ್ರಿ."

ನಕ್ಕುಬಿಟ್ಟೆ. ಅವಳು ನಗಲಿಲ್ಲ.

ಆ ವಾರ ಯಮನೂರನ ಮೊಬೈಲಿನಲ್ಲಿ ಅವಳೊಂದು ವಿಡಿಯೋ ಹುಡುಕಿಕೊಂಡಳು. ಎದೆಯವರೆಗೆ ಗಡ್ಡ ಬಿಟ್ಟ ಯಾವುದೋ ದೇಶದವನು ಹಳೇ ರಾಜರ ಕಾಲದ ನಿಲುವಂಗಿ ತೊಟ್ಟು, ಏಳೆಂಟು ನೂರು ವರ್ಷದ ಹಿಂದೆ ಸೈನಿಕರಿಗೆ ಒರೆ, ಸೊಂಟಪಟ್ಟಿ, ಬೂಟು ಹೇಗೆ ಹೊಲಿಯುತ್ತಿದ್ದರೋ ಹಾಗೇ ಹೊಲಿಯುತ್ತಿದ್ದ. ಆ ಕಡೆ ಅದೊಂದು ಹವ್ಯಾಸವಂತೆ, ಆಫೀಸಿಗೆ ಹೋಗುವವರು ರಜೆಯಲ್ಲಿ ಕೂತು ಮಾಡುತ್ತಾರಂತೆ. ಮಾತು ಅರ್ಥವಾಗದ್ದರಿಂದ ಮಹಾನಂದಾ ಸದ್ದು ಪೂರ್ತಿ ಇಳಿಸಿ, ಅವನ ಕೈಗಳನ್ನೇ ನೋಡುತ್ತಿದ್ದಳು. ಒಂದೇ ದಾರದ ಎರಡು ತುದಿಗೂ ಒಂದೊಂದು ಸೂಜಿ. ಮೊಳೆಯಿಂದ ಚುಚ್ಚಿದ ತೂತಿನಲ್ಲಿ ಒಂದು ಅತ್ತಲಿಂದ ಇತ್ತ ಬರುತ್ತದೆ, ಇನ್ನೊಂದು ಇತ್ತಲಿಂದ ಅತ್ತ ಹೋಗುತ್ತದೆ. ಮಧ್ಯೆ ಒಂದು ಹೊಲಿಗೆ ಕಿತ್ತರೂ ಉಳಿದವು ಬಿಚ್ಚುವುದಿಲ್ಲ. ಚರ್ಮವನ್ನು ಕೈಯಲ್ಲಿ ಹಿಡಿಯುವ ಹಾಗೂ ಇಲ್ಲ, ಮರದ ದೊಡ್ಡ ಇಕ್ಕಳದಲ್ಲಿ ಸಿಕ್ಕಿಸಿ ಇಕ್ಕಳವನ್ನು ಮೊಣಕಾಲುಗಳ ನಡುವೆ ಅದುಮಿಕೊಳ್ಳಬೇಕು.

"ನೋಡ್ರಿ, ಹಿಡಿಯೂ ಕೆಲ್ಸ ಕಾಲಿಂದು. ಕೈಗೆ ಸೂಜಿ ಅಷ್ಟ. ಕರೆಂಟ್ ಇಲ್ಲ, ಪೆಡಲ್ ಇಲ್ಲ. ನಾ ನಿಲ್ಲಂದ್ರ ನಿಲ್ತದ. ಎರಡನೇ ಸಲ ತಾನ ಬೀಳೂದಿಲ್ಲ," ಎಂದಳು.

ಯಮನೂರ ಒಡೆದ ಬಿದಿರಿನಿಂದ ಇಕ್ಕಳ ಮಾಡಿಕೊಟ್ಟ. ಚುಚ್ಚಲು ಉಕ್ಕಿನ ಸಣ್ಣ ಸರಳನ್ನು ಲೇತ್‌ನಲ್ಲಿ ಚೂಪು ಮಾಡಿ ಮರದ ಹಿಡಿ ಹಾಕಿಕೊಟ್ಟ. ಹತ್ತಿ ನೂಲು ಹೊಸೆದು ಜೇನುಮೇಣ ಉಜ್ಜಿದರೆ ದಾರವಾಯಿತು. ಚರ್ಮ ಮಾತ್ರ ಬೇಕಿತ್ತು. ಅದನ್ನು ಕಾರ್ಖಾನೆಯ ತುಂಡುಗಳ ರಾಶಿಯಿಂದ ಯಜಮಾನರನ್ನು ಕೇಳಿಯೇ ಆರಿಸಿ ತಂದಳು. ಮರದ ತೊಗಟೆಯಲ್ಲಿ ಹದ ಮಾಡಿದ, ಜೇನಿನ ಬಣ್ಣದ ಗಟ್ಟಿ ಚರ್ಮ. ಗೋಣಿಚೀಲ ಹೆಗಲಿಗೇರಿಸಿಕೊಂಡು ತುಳಸಿಕಟ್ಟೆಯ ಪಕ್ಕದಲ್ಲೇ ಹಾದುಹೋದಳು.

ನನ್ನ ಪಿತ್ತ ನೆತ್ತಿಗೇರಿತು. "ಏನಮ್ಮಿ ಅದು ನಾತ? ಚರ್ಮ ತಂದು ಅಟ್ಟೀಲಿ ಇಟ್ಕಂಡ್ರೆ ಇದೇನು ಮನೆಯೋ ತೊಗಲು ಮಂಡಿಯೋ? ಆಚೆಗಾಕು ಮೊದ್ಲು!"

ಅವಳು ಚೀಲ ಇಳಿಸಿದಳು. "ಹಳೇ ಒರಿ ಯಾವುದರದ್ದಿತ್ರಿ ಅಮ್ಮಾರ?"

"ಚರ್ಮದ್ದೇ."

"ಅದು ದೇವರ ಮನ್ಯಾಗ ಹ್ಯಾಂಗ ಬಂತ್ರಿ?"

ಹೇಗೆ ಬಂತು ಎಂದು ಅತ್ತೆ ಹೇಳಿದ್ದರು. ನರಸಪ್ಪ ಎಂಬುವನ ಮನೆಯವರು ಹಳೆಯದರ ಅಳತೆಗೇ ಹೊಸದನ್ನು ಹೊಲಿದು ತಂದು ವೀರಗಲ್ಲಿನ ಮುಂದೆ ಇಟ್ಟು ದೂರ ಸರಿದು ನಿಲ್ಲುತ್ತಿದ್ದರಂತೆ. ನಮ್ಮವರು ಗಂಜಲ ಚಿಮುಕಿಸಿ ಒರೆಯನ್ನು ಒಳಗೆ ಒಯ್ಯುತ್ತಿದ್ದರಂತೆ. ಹೊಲಿದವರಿಗೆ ಅಕ್ಕಿಬೇಳೆ ಮೊರದಲ್ಲಿ ಹಾಕಿ ಗೇಟಿನ ಆಚೆಯೇ ಕೊಡುತ್ತಿದ್ದರಂತೆ. ಇದನ್ನು ಬಾಯಿಬಿಟ್ಟು ಹೇಳುವಾಗ ನನ್ನ ದನಿ ತಾನಾಗಿ ಇಳಿಯಿತು.

"ಹಂಗಾರ ಚರ್ಮ ಒಳಗ ಬರಬಹುದು, ಹೊಲಿದಾವ್ರು ಬರೂಹಂಗಿಲ್ಲ," ಎಂದಳು ಮಹಾನಂದಾ. ಜಗಳದ ದನಿಯಲ್ಲ, ಅಳತೆ ಓದಿ ಹೇಳುವವರ ದನಿ. "ಆತ್ರಿ. ನಾ ಕಲ್ಲಿನ ಹಂತೇಕ ಕೂತು ಹೊಲೀತೀನಿ. ಆಯುಧಪೂಜೆಗೆ ಮುಗಸ್ತೀನಿ."

ಹೀಗೆ ರಾಜಿಯಾಯಿತು. ಅಳತೆಗೆ ಕತ್ತಿ ತೋರಿಸಿ ಎಂದು ಕೇಳಿದಳು. ನನ್ನ ಗಂಡ ಗೋಪಾಲಪ್ಪ ಎದೆಯುಬ್ಬಿಸಿ, "ಕಲ್ಲಲ್ಲಿರೋದೇ ಒಳಗಿರೋದು. ಅಳ್ತೆ ಕಲ್ಲಿಂದಾನೇ ತಗೋ ತಾಯಿ," ಎಂದರು. ನಾನೂ ಹೂಂ ಅಂದೆ. ಅವಳು ಸ್ಕೇಲು ಹಿಡಿದು ಕಲ್ಲಿನ ಕತ್ತಿಯ ಉದ್ದಗಲ ಅಳೆದುಕೊಂಡಳು.

ಆಮೇಲಿನ ಭಾನುವಾರಗಳನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಹೆಬ್ಬೆರಳು ಮತ್ತು ಉಂಗುರದ ಬೆರಳಿನ ನಡುವೆ ಸೂಜಿ ನಿಲ್ಲುತ್ತಿರಲಿಲ್ಲ. ಜಾರುತ್ತಿತ್ತು, ಹುಡುಕುತ್ತಿದ್ದಳು, ಮತ್ತೆ ಹಿಡಿಯುತ್ತಿದ್ದಳು. ಕಿರುಬೆರಳಂತೂ ಮೊದಮೊದಲು ಮುನಿಸಿಕೊಂಡ ಅಳಿಯನ ಹಾಗೆ ದೂರವೇ ನಿಂತಿತ್ತು. ಕಣ್ಣಲ್ಲಿ ನೀರು ಬಂದರೆ ತೋಳಿಗೆ ಒರೆಸಿಕೊಂಡು, ಯಾರಾದರೂ ಹತ್ತಿರ ಬಂದರೆ ತಟಕ್ಕನೆ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು. ಮೊದಲು ಹೊಲಿದ ಪಟ್ಟಿ ಹಾವು ಹರಿದ ಹಾಗಿತ್ತು. ಆಮೇಲೊಂದು ಎಲೆಅಡಿಕೆ ಚೀಲ ಮಾಡಿದಳು, ಅದರ ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಅದನ್ನು ನನಗೇ ಕೊಟ್ಟಳು. ಹೊಸಿಲಿನ ಆಚೆ ಮೊಳೆಗೆ ನೇತುಹಾಕಿಕೊಂಡೆ, ಅಡಿಕೆ ಮಾತ್ರ ಅದರಲ್ಲೇ ಇಟ್ಟೆ.

ನಲ್ಲಿಯ ಹತ್ತಿರ ಹೆಂಗಸರದ್ದು ಒಂದೇ ಪ್ರಶ್ನೆ. ಇದರಿಂದ ಏನು ಬರುತ್ತೆ? ಮಾರುತ್ತೀಯಾ? ಅಂಗಡಿ ಇಡುತ್ತೀಯಾ? ಮಹಾನಂದಾ ಇಲ್ಲ ಅನ್ನುತ್ತಿದ್ದಳು. ಮತ್ತೇಕೆ? "ನನಗ ಬೇಕಾಗೇತಿ, ಅದಕ್ಕ," ಅನ್ನುತ್ತಿದ್ದಳು. ನಮ್ಮ ವಠಾರದಲ್ಲಿ ಯಾರೂ ಅಂಥ ಉತ್ತರ ಕೇಳಿರಲಿಲ್ಲ. ಕಾರ್ಖಾನೆಯಲ್ಲಿ ದುಡಿದು ಬಂದವಳಿಗೆ ಬೇಕಾಗಿರುವುದು ನಿದ್ದೆ ಎಂದೇ ಎಲ್ಲರೂ ತಿಳಿದಿದ್ದರು.

ಕೈ ಪಳಗಿತು ಅನ್ನಿಸಿದ ಮೇಲೆ ಒರೆಗೆ ಕೈ ಹಾಕಿದಳು. ಆಗ ಒಂದು ಎಡವಟ್ಟಾಯಿತು. ಕಾರ್ಖಾನೆಯಲ್ಲಿ ನೆನೆದ ಚರ್ಮವನ್ನು ಉಕ್ಕಿನ ಅಚ್ಚಿಗೆ ಒತ್ತಿಯೇ ಅಭ್ಯಾಸವಲ್ಲವೇ? ಯಮನೂರನಿಂದ ಕಬ್ಬಿಣದ ಪಟ್ಟಿಯೊಂದನ್ನು ಕಲ್ಲಿನ ಕತ್ತಿಯ ಅಳತೆಗೆ ಕತ್ತರಿಸಿ ತರಿಸಿದಳು. ನಮ್ಮ ಬೋರ್‌ವೆಲ್ ನೀರಿನಲ್ಲಿ ಚರ್ಮ ನೆನೆಸಿ ಆ ಪಟ್ಟಿಗೆ ಬಿಗಿಯಾಗಿ ಸುತ್ತಿ ಕಟ್ಟಿ ಇಟ್ಟಳು. ಕಾರ್ಖಾನೆಯ ಅಚ್ಚು ಎಣ್ಣೆ ಕುಡಿದು ಮಿರುಗುತ್ತದೆ, ಅಲ್ಲಿ ಚರ್ಮ ಅಚ್ಚಿನಲ್ಲಿ ಇರುವುದು ಒಂದು ಗಳಿಗೆ ಅನ್ನುವುದು ಅವಳಿಗೆ ಹೊಳೆಯಲಿಲ್ಲ. ಎರಡು ದಿನ ಬಿಟ್ಟು ಬಿಚ್ಚಿದರೆ ಜೇನಿನ ಬಣ್ಣದ ಚರ್ಮಕ್ಕೆ ಶಾಯಿ ಚೆಲ್ಲಿದ ಹಾಗೆ ಕರೀ ಕಲೆ. ಪಟ್ಟಿಗೂ ತುಕ್ಕು. ತೊಗಟೆಯಲ್ಲಿ ಹದ ಮಾಡಿದ ಒದ್ದೆ ಚರ್ಮಕ್ಕೂ ಕಬ್ಬಿಣಕ್ಕೂ ಆಗಿಬರುವುದಿಲ್ಲವಂತೆ. ನಮ್ಮ ಬೋರ್‌ವೆಲ್ ನೀರಿನಲ್ಲೇ ಬಕೆಟ್ಟು ಕೆಂಪಾಗುವಷ್ಟು ಕಬ್ಬಿಣವಿದೆ.

ಅಷ್ಟು ಉದ್ದದ ತುಂಡು ಸಿಗುವುದೇ ಅಪರೂಪವಾಗಿತ್ತು. ಯಮನೂರ, "ಬಿಡು ಇನ್ನ, ಸಾಕು," ಎಂದ. ನಾನೂ ಅದನ್ನೇ ಹೇಳಿದೆ. ಮಹಾನಂದಾ ಕಲೆಬಿದ್ದ ಚರ್ಮವನ್ನು ಕಲ್ಲಿನ ಮುಂದೆ ಹಾಸಿ ಬಹಳ ಹೊತ್ತು ನೋಡುತ್ತಾ ಕೂತಳು. ಆಮೇಲೆ ಎದ್ದು, "ಮರದ ಕತ್ತಿ ಮಾಡಿಸಬೇಕಾಗಿತ್ತು. ನೀರು ಕುಡಿಯೂ ನೀರಿನ ಕ್ಯಾನಿಂದ ತಗೋಬೇಕಾಗಿತ್ತು," ಎಂದಳು. ಮುಂದಿನ ತುಂಡು ಸಿಗಲು ಆಷಾಢ ಕಳೆಯಿತು, ಶ್ರಾವಣವೂ ಕಳೆಯಿತು. ದಿನಾ ಕಸ ಗುಡಿಸುವಾಗ ರಾಶಿಯ ಮೇಲೆ ಕಣ್ಣಿಟ್ಟೇ ಇದ್ದಳು. ಗಣಪತಿ ಹಬ್ಬದ ಹೊತ್ತಿಗೆ ಸಿಕ್ಕಿತು. ಮಹಾಲಯ ಅಮಾವಾಸ್ಯೆ ಕಳೆದು ನವರಾತ್ರಿ ಕೂರುವಷ್ಟರಲ್ಲಿ ಒರೆ ಮುಗಿಯಿತು. ಹರಳೆಣ್ಣೆ ಉಜ್ಜಿ ಬಿಸಿಲಿಗೆ ಹಿಡಿದಾಗ ಅಂಚಿನ ಹೊಲಿಗೆ ಕಲ್ಲಿನ ಮೇಲಿನದ್ದರ ಹಾಗೆಯೇ ಸಾಲುಗಟ್ಟಿ ನಿಂತಿತ್ತು. ನನಗೆ ನಿಜವಾಗಿ ಹೆಮ್ಮೆಯಾಯಿತು.

ಆಯುಧಪೂಜೆಯ ದಿನ ನೆಂಟರಿಷ್ಟರು ತುಂಬಿದ್ದರು. ಮಾರಕ್ಕನಿಗೆ ಸುದ್ದಿ ಮೊದಲೇ ಮುಟ್ಟಿ, ಚಿಕ್ಕಪೇಟೆಯಿಂದ ಜರಿ ಹಾಕಿದ ಕೆಂಪು ವೆಲ್ವೆಟ್ ಒರೆಯೊಂದನ್ನು ತಂದು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. "ಅವಳ ಕೈಲಿ ಆಗ್ನಿಲ್ಲ ಅಂದ್ರೆ ಇರ್ಲಿ ಅಂತ," ಎಂದರು. ಒಮ್ಮೆ ಹಾಕಿದ ಒರೆಯನ್ನು ತಾನಾಗಿ ಹಾಳಾಗುವವರೆಗೆ ಬದಲಿಸುವ ಪದ್ಧತಿ ನಮ್ಮಲ್ಲಿಲ್ಲ. ವೆಲ್ವೆಟ್ ಒಳಗೆ ಹೋದರೆ ಮಹಾನಂದಾಳ ಅಷ್ಟು ತಿಂಗಳ ಹಟ ಗೇಟಿನ ಆಚೆಯೇ ಉಳಿದ ಹಾಗೆ.

ನಾನು ಚರ್ಮದ ಒರೆಗೆ ನೀರು ಚಿಮುಕಿಸಿ ಒಳಗೆ ತಂದೆ. ಮಹಾನಂದಾ ಎಡಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಡುಮನೆಯ ಬಾಗಿಲ ಹೊರಗೆ ನಿಂತಿದ್ದಳು. ಗೋಪಾಲಪ್ಪ ಕೆಂಪು ಬಟ್ಟೆ ಬಿಚ್ಚಿ ಕತ್ತಿಯನ್ನು ಒರೆಗಿಳಿಸಿದರು. ಅರ್ಧಕ್ಕೆ ನಿಂತಿತು. ಒತ್ತಿದರೂ ಇಳಿಯಲಿಲ್ಲ. ಕಲ್ಲಿನ ಕತ್ತಿ ತುದಿಯ ಕಡೆಗೆ ಹೋಗುತ್ತಾ ಸಪೂರವಾಗುತ್ತದೆ. ನಮ್ಮದು ಬುಡದಿಂದ ತುದಿಯವರೆಗೂ ಒಂದೇ ಅಗಲ. ಬಟ್ಟೆಯಲ್ಲಿದ್ದದ್ದು ಬಟ್ಟೆಯಲ್ಲೇ, ಜಿಡ್ಡಿನೊಳಗಿದ್ದದ್ದು ಜಿಡ್ಡಿನೊಳಗೇ ಇತ್ತು. ಎರಡನ್ನೂ ಹೋಲಿಸಿ ನೋಡಬೇಕೆಂದು ನಮ್ಮ ವಂಶದಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಮಹಾನಂದಾ ಬಾಗಿಲಿನಿಂದಲೇ ನೋಡಿ ಹೇಳಿದಳು. "ಈ ಕತ್ತಿ ಆ ಕಲ್ಲಿಂದಲ್ರಿ."

ಬೀಗರ ಕಡೆಯ ಒಬ್ಬರು ಕೆಮ್ಮಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಗೋಪಾಲಪ್ಪ ಕತ್ತಿಯನ್ನೂ ಒರೆಯನ್ನೂ ಹಿಡಿದುಕೊಂಡು ಗೊಂಬೆಯ ಹಾಗೆ ನಿಂತರು. ಮಾರಕ್ಕ ವೆಲ್ವೆಟ್ ಒರೆಯನ್ನು ಎತ್ತಿ, "ನಾನು ಮೊದ್ಲೇ ಅಂದಿಲ್ವಾ? ಆ ಕೈಲಿ ಏನಾಯ್ತದೆ?" ಎಂದರು.

"ಕೈ ತಪ್ಪಿಲ್ರಿ. ಅಳತಿ ತಪ್ಪೇತಿ," ಎಂದಳು ಮಹಾನಂದಾ. "ಕತ್ತಿ ಹೊರಗ ಕೊಡ್ರಿ. ಕೆಳಗಿನ ಹೊಲಿಗಿ ಬಿಚ್ಚಿ ಒಂದು ಪಟ್ಟಿ ಸೇರಸ್ತೀನಿ."

"ಕತ್ತಿ ಒಸಿಲು ದಾಟಂಗಿಲ್ಲ," ಎಂದರು ಗೋಪಾಲಪ್ಪ.

"ಹಂಗಾರ ನಾ ಒಳಗ ಬರಬೇಕಾಗ್ತದ್ರಿ."

ಬೇಡಿಕೊಂಡ ಹಾಗಿರಲಿಲ್ಲ, ಹೆದರಿಸಿದ ಹಾಗೂ ಇರಲಿಲ್ಲ. ಇರುವುದು ಎರಡೇ ದಾರಿ, ಆರಿಸಿಕೊಳ್ಳಿ ಎಂದ ಹಾಗಿತ್ತು. ಎಲ್ಲರ ಮುಖವೂ ನನ್ನ ಕಡೆಗೆ ತಿರುಗಿತು. ರೂಲ್ಸ್ ಹೇಳುವವಳು ನಾನೇ ತಾನೆ? ನನಗೆ ನರಸಪ್ಪನ ಮನೆಯವರ ನೆನಪಾಯಿತು. ತಾವು ಹೊಲಿದ ಒರೆ ಎಲ್ಲಿ ಕೂರುತ್ತದೆ ಎಂದು ಅವರಲ್ಲಿ ಒಬ್ಬರೂ ನೋಡಿರಲಾರರು. ಯಾರದ್ದೆಂದು ಗೊತ್ತಿಲ್ಲದ ಕತ್ತಿಗೆ ಒಳಗೆ ಜಾಗ ಕೊಟ್ಟು, ಗೊತ್ತಿರುವ ಹೆಂಗಸನ್ನು ಹೊರಗೆ ನಿಲ್ಲಿಸಿಕೊಂಡಿದ್ದೇವಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

"ಕಾಲು ತೊಳ್ಕಂಡು ಬಾರಮ್ಮಿ," ಎಂದೆ.

ಮಾರಕ್ಕ ನನ್ನ ಸೆರಗು ಜಗ್ಗಿದರು. "ಯಾವ ಜನವೋ ಏನೋ, ಚರ್ಮ ಇಡ್ಕಂಡು ದೇವರ ಮುಂದೆ..."

"ಮೂಲೆಮನೆ ಬಾಡಿಗೆಗೆ ಕೊಟ್ಟಾಗ ಕೇಳ್ನಿಲ್ಲ, ಇವತ್ಯಾಕೆ ಕೇಳನ? ನೀವು ಸುಮ್ಕಿರಿ ಅಕ್ಕ. ಆ ವೆಲ್ವೆಟ್ಟು ನಿಮ್ಮನೇಲಿ ರಿಮೋಟ್ ಇಡಕ್ಕೆ ಆಯ್ತದೆ."

ಮಹಾನಂದಾ ಕಾಲು ತೊಳೆದು ಬಂದಳು. ಯಮನೂರ ಓಡಿಹೋಗಿ ಇಕ್ಕಳ, ಸೂಜಿ, ಚರ್ಮದ ತುಂಡುಗಳನ್ನು ತಂದ. ದೇವರಮನೆಯ ಹೊಸಿಲು ದಾಟಿದವಳು ಒಂದು ಕ್ಷಣ ನಿಂತಳು. ಸೆರಗಿನೊಳಗಿದ್ದ ಕೈಯಲ್ಲಿ ಸೂಜಿ ಹಿಡಿಯಲಾಗುವುದಿಲ್ಲ. ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿ, ಚಕ್ಕಳಮಕ್ಕಳ ಕೂತು, ಎರಡೂ ಕೈಗಳನ್ನು ದೀಪದ ಬೆಳಕಿಗೆ ಚಾಚಿದಳು. ಅಲ್ಲಿದ್ದವರೆಲ್ಲ ಆ ಕೈಯನ್ನೇ ನೋಡಿದರು. ನೋಡುತ್ತಿದ್ದಾರೆ ಎಂದು ಅವಳಿಗೆ ಗೊತ್ತಿತ್ತು. ಕಿವಿಯ ತುದಿ ಕೆಂಪಾಗಿತ್ತು, ಆದರೂ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಎರಡು ಸೂಜಿಯ ಹೊಲಿಗೆ ಎಳೆದರೆ ಬರುವುದಿಲ್ಲ, ಒಂದೊಂದನ್ನೂ ಬ್ಲೇಡಿನಿಂದ ಕತ್ತರಿಸಬೇಕು. ಕತ್ತರಿಸಿದಳು. ಕುಡಿಯುವ ನೀರು ಸವರಿ ಚರ್ಮ ಮೆದು ಮಾಡಿದಳು. ಒದ್ದೆ ಚರ್ಮ ಕತ್ತಿಗೆ ತಾಗಬಾರದೆಂದು ನೈವೇದ್ಯಕ್ಕಿಟ್ಟ ಬಾಳೆ ಎಲೆಯನ್ನೇ ಕೇಳಿ ತೆಗೆದುಕೊಂಡು ಕತ್ತಿಗೆ ಸುತ್ತಿದಳು. ಅಗಲಕ್ಕೆ ತಕ್ಕ ಪಟ್ಟಿ ಕತ್ತರಿಸಿ, ಇಕ್ಕಳವನ್ನು ಮೊಣಕಾಲಿನಲ್ಲಿ ಅದುಮಿ ಹೊಲಿಯತೊಡಗಿದಳು. ಹೆಬ್ಬೆರಳಿಗೂ ಉಂಗುರದ ಬೆರಳಿಗೂ ನಡುವೆ ಸೂಜಿ ಬಂದು ಬಂದು ಕೂರುತ್ತಿತ್ತು. ಆ ಹಟಮಾರಿ ಕಿರುಬೆರಳು ಈಗ ಕೊಕ್ಕೆಯ ಹಾಗೆ ದಾರವನ್ನು ಬಿಗಿ ಎಳೆಯುತ್ತಿತ್ತು. ಮಂಗಳಾರತಿಯ ಹೊತ್ತು ಮೀರುತ್ತಿದೆ ಎಂದು ಯಾರೋ ಗೊಣಗಿದರು. ಗೋಪಾಲಪ್ಪ ದೀಪಕ್ಕೆ ಎಣ್ಣೆ ಹಾಕಿ, "ದೇವ್ರು ಕಾಯ್ತದೆ," ಎಂದರು. ಯಾವ ದೇವರ ಬಗ್ಗೆ ಹೇಳಿದರೋ ನಾನು ಕೇಳಲಿಲ್ಲ.

ಕೊನೆಯ ಗಂಟು ಹಾಕಿ, ಬಾಳೆ ಎಲೆಯ ಸಮೇತ ಕತ್ತಿಯನ್ನು ಇಳಿಸಿದಳು. ಸರ್ರೆಂದು ಹಿಡಿಯವರೆಗೂ ಹೋಯಿತು. ಒರೆಯ ಕೆಳಭಾಗದಲ್ಲಿ ಹೊಸ ಪಟ್ಟಿ ಎದ್ದು ಕಾಣುತ್ತಿತ್ತು. "ಎಲಿ ನಾಳೆ ಇಲ್ಲೇ ಒಳಗ ತಗೀರಿ, ಅಷ್ಟೊತ್ತಿಗೆ ಚರ್ಮ ಒಣಗಿರ್ತದ," ಎಂದು ನನಗೆ ಹೇಳಿ ಏಳಲು ಹೋದಳು. ಅಲ್ಲೇ ಕೂರು ಎಂದೆ. ಮಂಗಳಾರತಿ ಅವಳು ಕೂತಲ್ಲೇ ಆಯಿತು.

ಆಮೇಲೆ ನಾನು ಕಡ್ಲೆಪುರಿಯ ಮೊರ ಹಿಡಿದು ಎಲ್ಲರಿಗೂ ಹಂಚುತ್ತಾ ಬಂದೆ. ಮಾರಕ್ಕನಿಗೂ ಕೊಟ್ಟೆ, ಮುಖ ತಿರುಗಿಸಿಕೊಂಡೇ ತೆಗೆದುಕೊಂಡರು. ಮಹಾನಂದಾಳ ಮುಂದೆ ನಿಂತಾಗ ನನ್ನ ಕೈ ಹಿಂಜರಿಯಿತು. ಅವಳು ಹಿಂಜರಿಯಲಿಲ್ಲ. ಎರಡೂ ಕೈ ಜೋಡಿಸಿ ಬೊಗಸೆ ಒಡ್ಡಿದಳು. ಹಿಡಿ ತುಂಬ ಹಾಕಿದೆ. ಬೆರಳಿಲ್ಲದ ಸಂದಿಯಿಂದ ಪುರಿ ಪುಳಪುಳನೆ ನೆಲಕ್ಕೆ ಉದುರಿತು. ನಾನು ಗಾಬರಿಯಾಗಿ ಬಗ್ಗಲು ಹೋದೆ.

"ಉದುರಿದ್ದು ಉದುರ್ಲಿ ಬಿಡ್ರಿ ಅಮ್ಮಾರ," ಎಂದು ನಕ್ಕು, ಬೊಗಸೆಯನ್ನು ಇನ್ನಷ್ಟು ಮುಂದೆ ಚಾಚಿದಳು. "ಇನ್ನೊಂದು ಹಿಡಿ ಹಾಕ್ರಿ."